ಬೆವರು ಕುಡಿದ ಚೀಟಿ

ನನ್ನ ಹಾಳೆ ಮೂರನೇ ಸಲ ಕೆಂಪು ಪೆನ್ಸಿಲಿನ ಗೀಟು ಹಾಕಿಸಿಕೊಂಡು ಸಾಗರಕ್ಕೆ ವಾಪಸು ಬಂದಾಗ ಏಪ್ರಿಲ್ ತಿಂಗಳು. ಹಾಳೆಯ ಮೇಲಿದ್ದದ್ದು ಒಂದೇ ಒಂದು ಇಂಗ್ಲಿಷ್ ಪದ: ಸ್ವೆಟ್-ಡ್ರೆಂಚ್ಡ್. ಅದರ ಮುಂದೆ ನಾನು ಬರೆದಿದ್ದೆ: ‘ಬೆವರಿನಿಂದ ತೊಯ್ದ, ಸ್ವೇದಸಿಕ್ತ.’ ಸಂಪಾದಕರು ಎರಡನೆಯದನ್ನು ಪೂರ್ತಿ ಹೊಡೆದುಹಾಕಿದ್ದರು. ಮೊದಲನೆಯದರ ಕೆಳಗೆ ಬರೆದಿದ್ದರು: ‘ಇದನ್ನು ಯಾರು, ಯಾವಾಗ, ಯಾರಿಗೆ ಹೇಳಿದರು?’

ಫ್ಯಾನಿನ ಕೆಳಗೆ ಕೂತು ಬೆವರುತ್ತಿದ್ದ ನನಗೆ ಮೈಯೆಲ್ಲ ಉರಿಯಿತು. ಬೆವರಿನಿಂದ ತೊಯ್ದ ಎಂದು ಯಾರು ಹೇಳಿದರು ಅಂದರೆ ಏನರ್ಥ? ನಿಘಂಟುಗಳೆಲ್ಲ ಹೇಳಿವೆ. ಫೋನ್ ಮಾಡಿ ಅದನ್ನೇ ಹೇಳಿದೆ.

“ನಿಘಂಟು ನೋಡಿ ನಿಘಂಟು ಬರೆಯೋದಕ್ಕೆ ನಾನು ನೀವು ಯಾಕಮ್ಮ ಬೇಕು?” ಎಂದರು ಅವರು. “ಬೆವರಿದೋನ ಹತ್ರ ಹೋಗಿ ಕೇಳಿ.”

ಸಂಪಾದಕರು ತೀರ್ಥಹಳ್ಳಿಯವರು, ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಮಲೆನಾಡಿನ ಹೈಸ್ಕೂಲು ಮಕ್ಕಳಿಗಾಗಿ ಅವರು ಕಟ್ಟುತ್ತಿದ್ದ ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಎಸ್ ಅಕ್ಷರ ನನ್ನ ಪಾಲಿಗೆ ಬಂದಿತ್ತು. ಎಸ್ ಎಂದರೆ ಸಾಗರದ ಎಸ್, ನಿಮಗೇ ಇರಲಿ ಎಂದು ನಗುತ್ತ ಕೊಟ್ಟಿದ್ದರು. ಇಂಗ್ಲಿಷಿನಲ್ಲಿ ಅದಕ್ಕಿಂತ ದಪ್ಪನೆಯ ಅಕ್ಷರ ಇನ್ನೊಂದಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. ಮೇ ಕೊನೆಯಲ್ಲಿ ಅವರ ಎರಡೂ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಅಷ್ಟರೊಳಗೆ ಎಸ್ ಅಚ್ಚಿಗೆ ಹೋಗಬೇಕು. ಅಚ್ಚಿನ ಸಾಲು ಓದುವುದಕ್ಕೆ ಅವರು ಆಗಲೇ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿಯುತ್ತಿದ್ದರು.

ನಮ್ಮ ಕೆಲಸದ ಪದ್ಧತಿ ಹೀಗೆ. ಹಳೆಯ ನಿಘಂಟುಗಳಲ್ಲಿ ಇಲ್ಲದ ಕನ್ನಡದ ಮಾತೊಂದನ್ನು ಅರ್ಥವಾಗಿ ಕೊಡಬೇಕಾದರೆ ಎರಡು ಚೀಟಿ ಬೇಕು. ಪೋಸ್ಟ್ ಕಾರ್ಡಿನಷ್ಟು ದೊಡ್ಡ ರಟ್ಟಿನ ಚೀಟಿ. ಮೇಲೆ ಇಂಗ್ಲಿಷ್ ಪದ, ನಡುವೆ ಆಡಿದವರು ಆಡಿದ ಹಾಗೇ ಬರೆದ ವಾಕ್ಯ, ಕೆಳಗೆ ಅವರ ಕಸುಬು, ಊರು, ತಾರೀಕು. ಎರಡು ಚೀಟಿಗಳು ಎರಡು ಬೇರೆ ತಾಲ್ಲೂಕಿನವು ಆಗಿರಬೇಕು, ಆಡಿದ ಇಬ್ಬರಿಗೂ ಪರಸ್ಪರ ಪರಿಚಯ ಇರಬಾರದು, ನನಗೂ ಅವರು ಮೊದಲಿನಿಂದ ಗೊತ್ತಿದ್ದವರಾಗಿರಬಾರದು. ಮಾತು ಅವರ ಬಾಯಿಂದ ಬರಬೇಕು. ಅಲ್ಲೇ, ಆಗಲೇ ಬರೆದುಕೊಳ್ಳಬೇಕು. ಇನ್ನೊಂದು ದಿನ ಹೋಗಿ ಅವರಿಗೆ ಓದಿ ಹೇಳಿ, ಸರಿ ಅನ್ನಿಸಿಕೊಂಡು ಬರಬೇಕು. ಎರಡು ವರ್ಷದಲ್ಲಿ ನಾನು ಹೀಗೆ ಎರಡು ಬೂಟಿನ ಡಬ್ಬಿ ತುಂಬ ಚೀಟಿ ಮಾಡಿದ್ದೆ. ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚಿನವರ ಹತ್ತಿರ, ಗಂಧದ ಕೆತ್ತನೆ ಮಾಡುವ ಸಾಗರದ ಗುಡಿಗಾರರ ಹತ್ತಿರ, ಹೊನ್ನೆಮರಡಿನ ಹಿನ್ನೀರಿನಲ್ಲಿ ಬಲೆ ಬಿಡುವವರ ಹತ್ತಿರ ಕೂತು ಬರೆದವು. ಆ ಡಬ್ಬಿಗಳ ಬಗ್ಗೆ ನನಗೆ ಜಂಬವೂ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅರ್ಥ ಸಿಗದೆ ತಲೆ ಚಿಟ್ಟು ಹಿಡಿದಾಗ ನಾನು ಪದದ ಹುಟ್ಟಿನ ಕಡೆ ಹೋಗುತ್ತೇನೆ. ಸ್ವೆಟ್-ಡ್ರೆಂಚ್ಡ್ ಎನ್ನುವುದು ಇಂಗ್ಲಿಷಿನವರಿಗೆ ಬಹಳ ಪ್ರಿಯವಾದ ಜೋಡಣೆ. ಮುಂದೆ ಒಂದು ನಾಮಪದ, ಹಿಂದೆ ‘ಏನಾಗಿದೆ’ ಎಂದು ಹೇಳುವ ಮಾತು, ನಡುವೆ ಅಡ್ಡಗೆರೆ. ಬ್ಲಡ್-ಸ್ಟೇನ್ಡ್, ಸನ್-ಬೇಕ್ಡ್ ಎಲ್ಲ ಇದೇ ಜಾತಿ. ಹಣೆಯ ಮೇಲೆ ನಾಲ್ಕು ಹನಿ ಮೂಡಿದರೆ ಈ ಪದ ಬರುವುದಿಲ್ಲ. ಬೆನ್ನಿಗೆ ಅಂಟಿಕೊಂಡ ಅಂಗಿ, ಜ್ವರ ಬಿಟ್ಟವನ ಹಾಸಿಗೆಯ ಬಟ್ಟೆ, ಹಿಂಡಿದರೆ ತೊಟ್ಟಿಕ್ಕುವಂಥದ್ದು ಬೇಕು. ಸ್ವೆಟ್ ಹಳೆಯ ಇಂಗ್ಲಿಷಿನ ಪದ, ನಮ್ಮ ‘ಸ್ವೇದ’ಕ್ಕೆ ದೂರದ ದಾಯಾದಿ. ಆ ಕಾಲದ ಪದ್ಯಗಳಲ್ಲಿ ಯುದ್ಧದಲ್ಲಿ ಹರಿದ ರಕ್ತಕ್ಕೂ ಅದೇ ಹೆಸರಿತ್ತು. ಇಷ್ಟು ನನಗೆ ಗೊತ್ತಿತ್ತು. ಡ್ರೆಂಚ್ ನೋಡಿದಾಗ ಮಾತ್ರ ಕುರ್ಚಿಯಿಂದ ಎದ್ದು ನಿಂತೆ. ಡ್ರಿಂಕ್‌ನದೇ ಒಡಹುಟ್ಟು ಅದು. ಮೂಲದಲ್ಲಿ ಅದರ ಅರ್ಥ ತೋಯಿಸು ಎಂದಲ್ಲ, ‘ಕುಡಿಸು’ ಎಂದು. ದನಕ್ಕೆ ಮದ್ದು ಕುಡಿಸುವುದಕ್ಕೆ ಇಂಗ್ಲಿಷಿನಲ್ಲಿ ಇವತ್ತಿಗೂ ಡ್ರೆಂಚ್ ಎನ್ನುತ್ತಾರೆ. ನನ್ನ ಅಜ್ಜ ಎಮ್ಮೆಯ ಮೂತಿ ಎತ್ತಿ ಹಿಡಿದು ಬಿದಿರಿನ ಗೊಟ್ಟದಿಂದ ಕಷಾಯ ಹೊಯ್ಯುತ್ತಿದ್ದದ್ದು ಕಣ್ಣ ಮುಂದೆ ಬಂತು. ಎಮ್ಮೆ ಸಾಕು ಅಂದರೂ ಬಿಡುತ್ತಿರಲಿಲ್ಲ. ಅಂದರೆ ಸ್ವೆಟ್-ಡ್ರೆಂಚ್ಡ್ ಅಂಗಿ ಎಂದರೆ ಸಾಕುಸಾಕಾಗುವಷ್ಟು ಬೆವರು ಕುಡಿದ ಅಂಗಿ!

‘ಬೆವರು ಕುಡಿದ.’ ಬರೆದು ನೋಡಿದೆ. ಎಷ್ಟು ಚೆನ್ನಾಗಿದೆ! ಗೋಡೆ ನೀರು ಕುಡಿದಿದೆ ಅನ್ನುತ್ತೇವೆ, ಹತ್ತಿ ಎಣ್ಣೆ ಕುಡಿಯುತ್ತದೆ ಅನ್ನುತ್ತೇವೆ. ಬಟ್ಟೆ ಬೆವರು ಕುಡಿದರೆ ತಪ್ಪೇನು? ಮತ್ತೆ ಫೋನ್ ಮಾಡಿದೆ.

“ಚೆನ್ನಾಗಿದೆ,” ಎಂದರು ಸಂಪಾದಕರು. ಅವರು ಹಾಗೆ ಹೇಳುವುದು ಅಪರೂಪ. “ಯಾರು ಹೇಳಿದ್ದು?”

“ನಾನೇ.”

“ನೀವು ಲೆಕ್ಕಕ್ಕಿಲ್ಲ. ಎರಡು ಚೀಟಿ ತನ್ನಿ.”

ಹೊಸನಗರದಲ್ಲಿ ಒಬ್ಬರು ಇಸ್ತ್ರಿ ಅಂಗಡಿಯವರು ಇದ್ದಾರೆ, ಊರಿನ ಬಟ್ಟೆಯೆಲ್ಲ ಅವರ ಕೈಮೇಲೇ ಹೋಗುವುದು ಎಂದು ಯಾರೋ ಹೇಳಿದ್ದರು. ಬೆವರನ್ನು ಅವರಿಗಿಂತ ಬಲ್ಲವರು ಯಾರು? ಸಾಗರದಿಂದ ಹತ್ತೂವರೆಯ ಬಸ್ಸು ಹಿಡಿದೆ. ಊರು ಇನ್ನೊಂದು ಮೈಲಿ ಇರುವಾಗ ಬಸ್ಸಿನ ಬೆಲ್ಟು ಕಡಿಯಿತು. ಕಂಡಕ್ಟರು ಟಿಕೆಟ್ ಪುಸ್ತಕದಲ್ಲಿ ಗಾಳಿ ಹಾಕಿಕೊಳ್ಳುತ್ತ ಮರದ ನೆರಳಿಗೆ ಹೋಗಿ ಕೂತ. ನಾನು ಬೈದುಕೊಂಡು ನಡೆದೆ. ಮಳೆ ಹತ್ತಿರವಾದ ಏಪ್ರಿಲ್ಲಿನ ಸೆಕೆ ಗೊತ್ತಲ್ಲ, ಎಲೆ ಅಲ್ಲಾಡುವುದಿಲ್ಲ. ಅಂಗಡಿಯ ಹಿಂದೆಯೇ ಇದ್ದ ಅವರ ಮನೆಯ ಬಾಗಿಲು ಮುಟ್ಟುವಾಗ ರವಿಕೆ ಬೆನ್ನಿಗೆ ಅಂಟಿತ್ತು.

“ಅಯ್ಯೋ, ಪೂರ್ತಿ ಬೆವ್ತು ಚಂಡಿ ಆಗೀದೀರಲ್ಲ ಮಾರಾಯ್ರೆ! ಒಳಗೆ ಬನ್ನಿ, ಮೊದ್ಲು ಒರೆಸ್ಕಳಿ,” ಎಂದು ಅವರ ಹೆಂಡತಿ ಟವೆಲ್ ಕೈಗೆ ಕೊಟ್ಟರು. ಬೆಲ್ಲ ಬಂತು, ನೀರು ಬಂತು, ಆಮೇಲೆ ಕಾಫಿ ಬಂತು. ನಮ್ಮ ಕಡೆ ಇದು ಮುಗಿಯದೆ ಯಾರೂ ಯಾಕೆ ಬಂದಿರಿ ಎಂದು ಕೇಳುವುದಿಲ್ಲ. ನಾನು ಲೋಟ ಕೆಳಗಿಟ್ಟು, ಕೈ ಒರೆಸಿಕೊಂಡು ಚೀಟಿ ತೆಗೆದೆ. ಕೆಲಸ ಶುರುವಾಗುವುದು ಆಗ ಎಂದು ನಾನು ತಿಳಿದಿದ್ದೆ.

ಇಸ್ತ್ರಿಯವರು ಮಾತಿಗೆ ಕೂತರೆ ಏಳುವವರಲ್ಲ. ಬೆವರಿನ ಕಲೆ ಕಾಲರಿನಲ್ಲಿ ಹಳದಿ, ಬೆನ್ನಿನಲ್ಲಿ ಬಿಳಿ ಉಪ್ಪಿನ ಗೆರೆ. ಒಗೆಯದ ಬಟ್ಟೆಗೆ ಇದ್ದಿಲ ಇಸ್ತ್ರಿ ಇಟ್ಟರೆ ಕಲೆ ಅಲ್ಲೇ ಬೆಂದು ಕೂತುಬಿಡುತ್ತದೆ, ಆಮೇಲೆ ದೇವರು ಬಂದರೂ ಹೋಗುವುದಿಲ್ಲ. ಪೊಲೀಸರ ಅಂಗಿಗೆ ಬೆಲ್ಟಿನ ಜಾಗದಲ್ಲಿ, ಮೇಷ್ಟ್ರುಗಳ ಅಂಗಿಗೆ ಕಂಕುಳಲ್ಲಿ. ಅರ್ಧ ಗಂಟೆ ಕೇಳಿದೆ. ‘ಬೆವರು ಹಿಡಿದ’ ಎಂದರು, ‘ಬೆವರು ಬಟ್ಟೆ’ ಎಂದರು. ನನಗೆ ಬೇಕಾದದ್ದನ್ನು ಮಾತ್ರ ಹೇಳಲೊಲ್ಲರು. ವಾಪಸು ಹೋಗುವ ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು.

“ಬಟ್ಟೆ ಬೆವರು ಕುಡಿದಿದೆ ಅಂತ ಹೇಳೋದುಂಟಾ?” ಎಂದೆ.

“ಹೌದೌದು. ಹಂಗೂ ಅಂತೀವಿ ಮೇಡಂ.”

ಬರೆದುಕೊಂಡೆ. ಲೋಟ ಎತ್ತಿಕೊಳ್ಳಲು ಬಂದ ಅವರ ಹೆಂಡತಿ ನನ್ನ ಖುಷಿ ನೋಡಿ ನಕ್ಕರು.

ಎರಡನೆಯ ಚೀಟಿಗೆ ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿಗೆ ಹೋದೆ. ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವರ ಮುಂದಾಳು, ಅರವತ್ತರ ಹತ್ತಿರದ ಮನುಷ್ಯ, ಜಗಲಿಯಲ್ಲಿ ಕೂತಿದ್ದರು. ಬಸ್ ಸ್ಟ್ಯಾಂಡಿನಿಂದ ನಡೆದು ಬಂದ ನನ್ನನ್ನು ನೋಡಿ ಏನೋ ತಮಾಷೆ ಮಾಡಿ ನಕ್ಕರು, ಕೂರುವುದಕ್ಕೆ ಗೋಣಿಚೀಲ ಹಾಸಿದರು. ಇವರು ಇಸ್ತ್ರಿಯವರ ಹಾಗಲ್ಲ, ಹತ್ತು ಕೇಳಿದರೆ ಒಂದು ಮಾತು. ಕೊನೆಗೆ ನಾನೇ, “ಅಂಗಿ ಬೆವರು ಕುಡೀತದೆ, ಅಲ್ವಾ?” ಎಂದೆ.

“ಹೂಂ ಮತ್ತೆ. ಕುಡೀದೆ ಇರ್ತದಾ?”

ಎರಡು ಚೀಟಿ, ಎರಡು ತಾಲ್ಲೂಕು. ತೀರ್ಥಹಳ್ಳಿಗೆ ಹೋಗಿ ಸಂಪಾದಕರ ಮೇಜಿನ ಮೇಲೆ ಇಟ್ಟೆ. ಅವರು ಭೂತಗನ್ನಡಿ ಹಿಡಿದು ನಿಧಾನವಾಗಿ ಓದಿದರು. ಇಷ್ಟು ದಿನ ನನ್ನನ್ನು ಗೋಳು ಹೊಯ್ದುಕೊಂಡ ಮನುಷ್ಯ ಮಗುವಿನಂತೆ ಸಂತೋಷಪಟ್ಟರು. ಇಂಗ್ಲಿಷಿನ ಮೂಲದಲ್ಲಿ ಹೂತುಹೋದ ಅರ್ಥ ಹೊಸನಗರದ ಇಸ್ತ್ರಿ ಮೇಜಿನ ಮೇಲೆ ಜೀವಂತವಾಗಿದೆ ನೋಡಿ ಎಂದು ಎರಡು ಸಲ ಹೇಳಿದರು. ನಮ್ಮ ಪದ್ಧತಿಗೆ ಉದಾಹರಣೆಯಾಗಿ ಮುನ್ನುಡಿಯಲ್ಲಿ ಇದನ್ನೇ ಬರೆಯುತ್ತೇನೆ ಎಂದರು. ಅದಕ್ಕಿಂತ ದೊಡ್ಡ ಮಾತು ಆಮೇಲೆ ಬಂತು.

“ಎಸ್ ಪೂರ್ತಿ ನೀವೇ ಸಹಿ ಮಾಡಿ ಅಚ್ಚಿಗೆ ಕೊಡಿ. ನನಗೆ ಇನ್ನು ಚೀಟಿ ಓದೋಕೆ ಆಗಲ್ಲಮ್ಮ. ನಿಮ್ಮ ಕಿವಿ ಸರಿ ಇದೆ.”

ಬಸ್ಸಿನಲ್ಲಿ ಸಾಗರದವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತ ಒಬ್ಬಳೇ ನಗುತ್ತಿದ್ದೆ.

ಓದಿ ಹೇಳಿ ಒಪ್ಪಿಸುವ ಕೆಲಸ ಒಂದು ಉಳಿದಿತ್ತು. ಮುಂದಿನ ವಾರ ಹೊಸನಗರಕ್ಕೆ ಹೋದೆ. ಇಸ್ತ್ರಿಯವರು ಅಂಗಳದಲ್ಲಿ ಹಗ್ಗಕ್ಕೆ ಪಂಚೆ ಹರವುತ್ತಿದ್ದರು. ಕಾಫಿ ಆಯಿತು. ಚೀಲದಿಂದ ಕೈಗೆ ಸಿಕ್ಕ ಚೀಟಿ ತೆಗೆದು ಅಭ್ಯಾಸಬಲದಲ್ಲಿ ಓದಿದೆ: “‘ಹಗ್ಗ ನಿದ್ದೆ ಹೋಗಿದೆ, ಎಳೀರಿ.’ ಹೀಗೆ ನೀವು ಹೇಳಿದ್ರಿ. ಸರಿ ಉಂಟಲ್ಲ?”

“ಹೌದೌದು. ಹಂಗೇ ಹೇಳಿದ್ದು.”

ಸರಿ ಎಂದು ಗುರುತು ಹಾಕಲು ಪೆನ್ಸಿಲ್ ಇಟ್ಟೆ. ಆಗ ಕಣ್ಣಿಗೆ ಬಿತ್ತು. ಅದು ಸ್ಲ್ಯಾಕ್ ಪದದ ಚೀಟಿ, ಹೊಳೆಬಾಗಿಲಿನ ಲಾಂಚಿನವನೊಬ್ಬ ಸಡಿಲ ಬಿದ್ದ ಹಗ್ಗಕ್ಕೆ ಹೇಳಿದ್ದ ಮಾತು. ಈ ಮನುಷ್ಯ ಅದನ್ನು ಜನ್ಮದಲ್ಲಿ ಹೇಳಿರಲಿಲ್ಲ.

ಪೆನ್ಸಿಲ್ ಕೆಳಗಿಟ್ಟೆ. ಏನೋ ಸಂಶಯ ಬಂದು ಕೇಳಿದೆ: “ಮತ್ತೆ, ಬಟ್ಟೆಗೆ ಬೆವರಿನ ಜ್ವರ ಬಂದಿದೆ ಅಂತಾನೂ ಅಂತೀರಾ?”

ಅವರು ಪಂಚೆಯ ಅಂಚನ್ನು ಜೋಡಿಸುತ್ತ ಸ್ವಲ್ಪ ಯೋಚನೆ ಮಾಡಿದರು. “ಹೂಂ. ಕೆಲವ್ರು ಹಂಗೂ ಅಂತಾರೆ ಮೇಡಂ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕರು. “ಅವ್ರನ್ನ ಕೇಳ್ಬೇಡಿ ಮೇಡಂ. ಬಾಗಿಲಿಗೆ ಬಂದೋರಿಗೆ ಇಲ್ಲ ಅನ್ನಲ್ಲ ಅವ್ರು. ಇದ್ಲು ಇಲ್ದಿದ್ರೂ ಸಂಜೆಗೆ ಇಸ್ತ್ರಿ ಆಗತ್ತೆ ಅಂತಾರೆ.”

“ಅಲ್ದೆ ಎಂತ?” ಎಂದರು ಅವರು, ನನ್ನ ಮುಖ ನೋಡಿ ಸ್ವಲ್ಪ ಗಾಬರಿಯಾಗಿ. “ಬಿಸ್ಲಲ್ಲಿ ಅಷ್ಟು ದೂರದಿಂದ ಬರ್ತೀರಿ. ಹೌದು ಅಂದ್ರೆ ನಂದೇನು ಹೋಗತ್ತೆ?”

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು. ನಾನೂ ಇದೇ ನೀರು ಕುಡಿದು ಬೆಳೆದವಳು. ಮನೆಗೆ ಬಂದವರು ಈ ವರ್ಷ ಸೆಕೆ ಕಡಿಮೆ ಅಂದರೆ ನಮ್ಮಮ್ಮ ಬೀಸಣಿಗೆ ಬೀಸುತ್ತಲೇ ಹೌದು ಅನ್ನುತ್ತಿದ್ದಳು. ಗೊತ್ತಿದ್ದೂ ಗೊತ್ತಿದ್ದೂ ಅವರ ಬಾಯಿಗೆ ನನ್ನ ಮಾತು ತುರುಕಿ, ಅವರ ಮರ್ಯಾದೆಯನ್ನು ಸಾಕ್ಷಿ ಎಂದು ಬರೆದುಕೊಂಡಿದ್ದೆ. ಎಮ್ಮೆಗೆ ಗೊಟ್ಟ ಇಟ್ಟ ಹಾಗೆ.

ಸಾಗರಕ್ಕೆ ಬಂದು ಬೂಟಿನ ಡಬ್ಬಿಗಳನ್ನು ನೆಲಕ್ಕೆ ಸುರಿದೆ. ಮೂರು ದಿನ ಚೀಟಿಗಳ ನಡುವೆ ಕೂತಿದ್ದೆ. ಯಾವುದು ಅವರಾಗಿ ಆಡಿದ್ದು, ಯಾವುದು ನಾನು ಮೊದಲು ಹೇಳಿ ಅವರಿಂದ ಹೌದು ಅನ್ನಿಸಿಕೊಂಡದ್ದು? ಮೊದಲು ಯಾರು ಹೇಳಿದರು ಎಂದು ಬರೆಯುವುದಕ್ಕೆ ಚೀಟಿಯಲ್ಲಿ ಜಾಗವೇ ಇರಲಿಲ್ಲ. ಕೆಲವು ಸ್ಪಷ್ಟವಾಗಿ ನೆನಪಿದ್ದವು, ಲಾಂಚಿನವನ ಹಗ್ಗದ ಹಾಗೆ. ಬಹಳಷ್ಟು ನೆನಪಿರಲಿಲ್ಲ. ಕೆಲವನ್ನು ಓದಿದರೆ ನನ್ನದೇ ವಾಕ್ಯದ ವಾಸನೆ ಹೊಡೆಯುತ್ತಿತ್ತು. ಎರಡು ವರ್ಷ ಬಿಸಿಲಿನಲ್ಲಿ ಮಳೆಯಲ್ಲಿ ತಿರುಗಿದ ಕೆಲಸ. ಅತ್ತೂ ಬಿಟ್ಟೆ, ಸಿಟ್ಟಿಗೆ.

ಸುಮ್ಮನಿದ್ದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಇದು ಬೇರೆ ತಲೆಯಲ್ಲಿ ಕೊರೆಯುತ್ತಿತ್ತು. ಸಹಿ ನನ್ನದೇ. ‘ಬೆವರು ಕುಡಿದ’ ಕೆಟ್ಟ ಕನ್ನಡವೂ ಅಲ್ಲ, ಓದಿದ ಯಾವ ಮಗುವೂ ತಪ್ಪು ಅನ್ನುವುದಿಲ್ಲ. ಆದರೆ ಮುನ್ನುಡಿಯಲ್ಲಿ ಆ ಮುದುಕರು, ಕಣ್ಣು ಕಾಣದೆ, ನನ್ನ ಕಿವಿ ನಂಬಿ, ಇದು ಹೊಸನಗರದಲ್ಲಿ ಜೀವಂತವಾಗಿದೆ ಎಂದು ಬರೆಯುತ್ತಾರೆ. ನಾಲ್ಕನೆಯ ದಿನ ಬೆಳಿಗ್ಗೆ ಎರಡೂ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಧೈರ್ಯದಿಂದಲ್ಲ. ಇನ್ನೊಂದು ದಿನ ಆ ಚೀಟಿಗಳ ಜೊತೆ ಒಂದೇ ಮನೆಯಲ್ಲಿ ಇರಲು ಆಗುತ್ತಿರಲಿಲ್ಲ.

ಎಲ್ಲ ಹೇಳಿ ಮುಗಿಸಿದಾಗ ಸಂಪಾದಕರು ಭೂತಗನ್ನಡಿ ಕೆಳಗಿಟ್ಟರು.

“ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ,” ಎಂದರು. “ಹಾಗಂದೋರು ಇಸ್ತ್ರಿಯವರಲ್ಲ. ನಾನು. ನೀವು ತಂದಿದ್ದನ್ನೆಲ್ಲ ಕಟ್ಟಿದೆ.”

ಮೇಜಿನ ಮೇಲಿದ್ದ ಮುನ್ನುಡಿಯ ಹಾಳೆ ಹುಡುಕಿ, ಅಕ್ಷರಕ್ಕೆ ಮೂಗು ತಾಗುವಷ್ಟು ಬಗ್ಗಿ, ಒಂದು ಇಡೀ ಪ್ಯಾರಾಕ್ಕೆ ತಾವೇ ಕೆಂಪು ಗೀಟು ಎಳೆದರು. ಗೀಟು ಸೊಟ್ಟಗಾಗಿ ಪಕ್ಕದ ಪ್ಯಾರಾಕ್ಕೂ ಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದನ್ನು ನೋಡಿ ತಡೆಯಲು ಕಷ್ಟವಾಯಿತು.

ಆಮೇಲೆ ಎರಡು ದಿನ ನಾನು ಅಲ್ಲೇ ನೆಂಟರ ಮನೆಯಲ್ಲಿದ್ದು ಒಂದೊಂದೇ ಚೀಟಿ ಓದಿದೆ. ಮೊದಲು ಆಡಿದ್ದು ಅವರೇ ಎಂದು ಆಣೆ ಇಟ್ಟು ಹೇಳಬಲ್ಲ ಚೀಟಿ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಒಂದು ಡಬ್ಬಿಯೂ ತುಂಬಲಿಲ್ಲ. ತೆಗೆದುಹಾಕಿದ ಕಡೆಯಲ್ಲೆಲ್ಲ ಹಳೆಯ ನಿಘಂಟಿನ ಅರ್ಥವೇ ಗತಿ. ಎಸ್‌ಗೆ ನಾನೊಬ್ಬಳೇ ಸಹಿ ಮಾಡುವ ಮಾತು ಮತ್ತೆ ಬರಲಿಲ್ಲ. ನಾನೂ ಕೇಳಲಿಲ್ಲ.

ಎರಡನೇ ದಿನ ಮಧ್ಯಾಹ್ನ ಸ್ವೆಟ್-ಡ್ರೆಂಚ್ಡ್ ಸರದಿ ಬಂತು. ಚೀಟಿಯನ್ನು ಹರಿಯಲು ಹೋದೆ. ಸಂಪಾದಕರು ಕೈ ಎತ್ತಿದರು.

“ತಾಳಿ. ಆ ದಿನ ಏನಾಯ್ತು ಹೇಳಿ. ಚೀಟಿ ತೆಗೆದ ಮೇಲಿಂದಲ್ಲ. ಬಾಗಿಲಿಂದ ಹೇಳಿ.”

“ಬಾಗಿಲಲ್ಲಿ ಏನಿಲ್ಲ ಸಾರ್. ನಡ್ಕೊಂಡು ಹೋಗಿದ್ದೆ. ಅವರ ಹೆಂಡತಿ ನೋಡಿ, ಪೂರ್ತಿ ಬೆವ್ತು ಚಂಡಿ ಆಗೀದೀರಲ್ಲ ಅಂತ ಟವೆಲ್ ಕೊಟ್ಟರು. ಆಮೇಲೆ ಬೆಲ್ಲ...”

ನಾನು ನಿಲ್ಲಿಸಿದೆ. ಸಂಪಾದಕರು ಕಣ್ಣು ಮುಚ್ಚಿಕೊಂಡಿದ್ದರು.

“ಕೋಣಂದೂರಲ್ಲಿ?”

ಗಿರಣಿಯ ಮುಂದಾಳು ನನ್ನನ್ನು ನೋಡಿ ಮಾಡಿದ ತಮಾಷೆ ನೆನಪಾಯಿತು. “ಎಂತ ಅಮ್ಮಾ, ಬೆವ್ತು ಚಂಡಿ ಆಗೀರಿ, ನೀವೂ ಮೂಟೆ ಹೊತ್ರಾ?” ಎಂದಿದ್ದರು. ನಾನು ನಕ್ಕು, ಗೋಣಿಚೀಲದ ಮೇಲೆ ಕೂತು, ಚೀಟಿ ತೆಗೆದು, ಬೆವರಿನ ಬಗ್ಗೆ ಕೇಳಿದ್ದೆ!

ಚಂಡಿ ಅಂದರೆ ಒದ್ದೆ. ಹುಟ್ಟಿದಾಗಿನಿಂದ ಕೇಳಿದ ಮಾತು. ಮಳೆಯಲ್ಲಿ ನೆನೆದು ಬಂದಾಗಲೆಲ್ಲ ಅಮ್ಮನಿಂದ ಬೈಸಿಕೊಂಡದ್ದು ಅದರಲ್ಲೇ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ, ಚಂಡಿಯಾದ ರವಿಕೆ ಹಾಕಿಕೊಂಡೇ ಆ ಪದ ಹುಡುಕಿಕೊಂಡು ತಾಲ್ಲೂಕು ತಾಲ್ಲೂಕು ತಿರುಗಿದ್ದೆ. ಇಬ್ಬರೂ ಕೇಳದೆಯೇ ಕೊಟ್ಟಿದ್ದರು. ನಾನು ಟವೆಲ್ ಮಾತ್ರ ತೆಗೆದುಕೊಂಡಿದ್ದೆ.

“ಬರ್ಕೊಳ್ಳಿ,” ಎಂದರು ಸಂಪಾದಕರು. “‘ಬೆವತು ಚಂಡಿಯಾದ’. ಎರಡು ತಾಲ್ಲೂಕು ಆಯ್ತಲ್ಲ.”

ಪೆನ್ಸಿಲ್ ಕೈಗೆತ್ತಿಕೊಂಡೆ. ಬರೆಯಲಿಲ್ಲ.

“ಇಲ್ಲ ಸಾರ್. ಅಲ್ಲೇ ಆಗಲೇ ಬರೆದಿದ್ದಲ್ಲ ಇದು. ನನಗೀಗ ಬೇಕು ಅಂತ ನೆನಪಾಗ್ತಿದೆಯೋ, ಅವರು ಹೇಳಿದ್ದಕ್ಕೆ ನೆನಪಾಗ್ತಿದೆಯೋ, ನನಗೇ ಗೊತ್ತಿಲ್ಲ. ಇನ್ನೊಂದು ಸಲ ಹೋಗಿ ಬರ್ತೀನಿ.”

“ನಾಳಿದ್ದು ಎಸ್ ಅಚ್ಚಿಗೆ ಹೋಗಬೇಕು.”

“ನಾಳೆ ಒಂದು ದಿನ ಇದೆಯಲ್ಲ.”

ಖಾಲಿ ಚೀಟಿ ಚೀಲಕ್ಕೆ ಹಾಕಿಕೊಂಡೆ. ನಾನು ಹೊರಟಾಗ ಅವರು, “ನೀವು ಬಾಯಿ ಬಿಡಬೇಡಿ. ಬೆವರಿಕೊಂಡು ಹೋಗಿ ನಿಂತ್ಕೊಳ್ಳಿ, ಅಷ್ಟೇ,” ಎಂದರು.

ಹಾಗೇ ಮಾಡಿದೆ. ಬೆಳಿಗ್ಗೆ ಕೋಣಂದೂರಿಗೆ ಒಂದು ಸ್ಟಾಪ್ ಮೊದಲೇ ಇಳಿದು, ಕೊಡೆ ಇದ್ದರೂ ಬಿಚ್ಚದೆ, ಬಿರಬಿರನೆ ನಡೆದೆ. ಬೆವರು ಬೇಕೆಂದು ನಡೆದದ್ದು ಜನ್ಮದಲ್ಲಿ ಅದೇ ಮೊದಲು. ಚೀಟಿ ಪೆನ್ಸಿಲ್ ಕೈಯಲ್ಲೇ ಇತ್ತು. ಗಿರಣಿಯ ಜಗಲಿಯ ಮುಂದೆ ಹೋಗಿ ಮೂಕಿಯ ಹಾಗೆ ನಿಂತೆ. ಮುಂದಾಳು ತಲೆ ಎತ್ತಿದರು.

“ಎಂತ, ಇವತ್ತೂ ಬೆವ್ತು ಚಂಡಿ ಆಗ್ಕಂಡೇ ಬಂದ್ರಾ? ನಿಮ್ಗೆ ಕೊಡೆ ಎಂತಕ್ಕೆ ಅಮ್ಮಾ?”

ನಿಂತಲ್ಲೇ ಬರೆದೆ. ಒಂದು ಚೀಟಿ ಆಯಿತು! ಗೋಣಿಚೀಲ ಹಾಸಿದರು, ಕೂರಲಿಲ್ಲ. ಹೊಸನಗರದ ಬಸ್ಸಿಗೆ ಓಡಿದೆ. ಅವರು ಹಿಂದಿನಿಂದ ಏನೋ ಹೇಳಿ ನಗುತ್ತಿದ್ದರು.

ಹೊಸನಗರದಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಅಲ್ಲಿಯೂ ಬೇಕೆಂದೇ ಸುತ್ತು ಹಾಕಿ, ಏರಿನ ದಾರಿ ಹಿಡಿದು ನಡೆದೆ. ಬೆವರು ಕಣ್ಣಿಗೆ ಇಳಿದು ಉರಿಯುತ್ತಿತ್ತು. ಬೆನ್ನು, ಕುತ್ತಿಗೆ, ಸೀರೆಯ ನೆರಿಗೆ ಕೂಡ ಒದ್ದೆ. ಇಷ್ಟಾದ ಮೇಲೂ ಆಕೆ ಚಂಡಿ ಅನ್ನದಿದ್ದರೆ ಇನ್ನು ನಾನು ಕೆರೆಗೇ ಹಾರಬೇಕು ಎಂದುಕೊಂಡೆ. ಇಸ್ತ್ರಿಯವರು ಅಂಗಡಿಯಲ್ಲಿರಲಿಲ್ಲ. ಮನೆಯ ಬಾಗಿಲು ತಟ್ಟಿದೆ. ಚೀಟಿಯನ್ನು ಅಂಗೈಯಲ್ಲಿ ಹಿಡಿದು, ಪೆನ್ಸಿಲ್ ಅದರ ಮೇಲೆ ಇಟ್ಟು, ತುಟಿ ಬಿಗಿಹಿಡಿದು ನಿಂತೆ.

ಆಕೆ ಬಾಗಿಲು ತೆರೆದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಚೀಟಿಯನ್ನೂ ಪೆನ್ಸಿಲನ್ನೂ ನೋಡಿದರು. ಮುಖ ಅರಳಿತು.

“ಬನ್ನಿ ಮೇಡಂ, ಬನ್ನಿ. ಅಯ್ಯೋ, ನಿಮ್ ಸೀರೆ ರವಿಕೆ ಎಲ್ಲ ಬೆವರು ಕುಡಿದುಬಿಟ್ಟದೆ ನೋಡಿ!”

ನನ್ನ ಪೆನ್ಸಿಲ್ ಅಲ್ಲಾಡಲಿಲ್ಲ. ಆಕೆ ಟವೆಲ್ ತಂದು ಕೈಗಿಟ್ಟರು. ನಾನಿನ್ನೂ ಸುಮ್ಮನೆ ನಿಂತಿರುವುದನ್ನು ಕಂಡು, ದನಿ ತಗ್ಗಿಸಿ ಧೈರ್ಯ ಹೇಳಿದರು.

“ಬರ್ಕಳಿ ಮೇಡಂ. ಈ ಸಲ ಯಾರೂ ಕೇಳ್ಲಿಲ್ಲ, ನಾನಾಗೇ ಹೇಳಿದ್ದು. ಅವತ್ತು ನೀವು ಮುಖ ಸಣ್ಣ ಮಾಡ್ಕಂಡು ಹೋದ್ರಿ. ನಂಗೆ ಎರಡು ದಿನ ಊಟ ಸೇರ್ಲಿಲ್ಲ ಗೊತ್ತುಂಟಾ? ಇವ್ರಿಗೂ ಹೇಳ್ಕೊಟ್ಟೀನಿ. ಈಗ ಅಂಗಡೀಲಿ ಹಂಗೇ ಅಂತಾರೆ. ಸರಿ ಆಯ್ತಲ್ಲ? ನಿಮ್ಗೆ ಬೇಕಾಗಿದ್ದು ಅದೇ ಅಲ್ವಾ?”

ಅಚ್ಚಾದ ನಿಘಂಟಿನಲ್ಲಿ ಸ್ವೆಟ್-ಡ್ರೆಂಚ್ಡ್ ಪದಕ್ಕೆ ‘ಬೆವರಿನಿಂದ ತೊಯ್ದ’ ಎಂದೇ ಇದೆ. ಕೋಣಂದೂರಿನ ಚೀಟಿ ಒಂಟಿಯಾಗಿ ಡಬ್ಬಿಯಲ್ಲಿ ಕೂತಿದೆ. ಹೊಸನಗರದ್ದನ್ನು ನಾನು ಸಂಪಾದಕರಿಗೆ ತೋರಿಸಲಿಲ್ಲ. ಅದರ ಮೇಲೆ ಬರೆದದ್ದು ಓದುವ ಹಾಗೂ ಇಲ್ಲ, ಅಂಗೈಯ ಬೆವರಿಗೆ ರಟ್ಟು ಮೆತ್ತಗಾಗಿ ಅಕ್ಷರ ಕಲಸಿಹೋಗಿದೆ.

ಬರೆದದ್ದಂತೂ ನಿಜ. ಅಷ್ಟು ಪ್ರೀತಿಯಿಂದ ಕೇಳಿದಾಗ ಏನು ಮಾಡಲಿ?

“ಹೌದೌದು,” ಎಂದೆ. “ಅದೇ ಬೇಕಾಗಿತ್ತು.”